ಮುಕ್ತಾಯದ ಅರಿವು: ಘಟ್ಟದ ಮೇಲಿನ ತಾಳಮದ್ದಳೆ ಮತ್ತು ವಿದ್ಯುನ್ಮಾನ ಶ್ರುತಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ತಾಳಮದ್ದಳೆಯು ವಿಶೇಷವಾಗಿ ಮಳೆಗಾಲದ ರಾತ್ರಿಗಳ ಕಲೆಯಾಗಿ ಬೆಳೆದುಬಂದಿದೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ್ಯವು ಎಲ್ಲಿ ಹೊರಳಿತು, ಎಲ್ಲಿ ಮುಗಿಯಿತು ಎಂಬುದನ್ನು ಕಿವಿಯೊಂದೇ ಹೇಳಬೇಕು. ಬಿಡ್ತಿಗೆ, ಮುಕ್ತಾಯಗಳು ಆ ಕೆಲಸವನ್ನು ಮಾಡುತ್ತವೆ. ಮದ್ದಳೆಯ ಮುಕ್ತಾಯ ಬಿದ್ದೊಡನೆ ಅರ್ಥಧಾರಿಯು ಮಾತಿಗೆ ತೊಡಗುತ್ತಾನೆ. ಅದನ್ನು ಗುರುತಿಸದವನು ಪದ್ಯದ ನಡುವೆಯೇ ಬಾಯಿ ಹಾಕಿ ಸಭೆಯ ನಗೆಗೆ ಈಡಾಗುತ್ತಾನೆ.

ಹಿಮ್ಮೇಳದ ಶ್ರುತಿಗೆ ಹಿಂದೆ ಪುಂಗಿಯಿತ್ತು. ಬಳಿಕ ಹಾರ್ಮೋನಿಯಂ ಬಂದಿತು. ಯಕ್ಷಗಾನದ ಶಾಸ್ತ್ರೀಯ ಅಧ್ಯಯನಕ್ಕೆ ಮಾರ್ಗ ತೆರೆದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಅದೇ ಬಗೆಯ ಶ್ರುತಿಪೆಟ್ಟಿಗೆಗಳು ಮುಂದೆ ಮೇಳಗಳಿಗೂ ಕೂಟಗಳಿಗೂ ತಲುಪಿದವು.

ಈ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ಆದರೆ ತಿದಿಯೊತ್ತುವ ಪೆಟ್ಟಿಗೆಗೆ ಉಸಿರಿತ್ತು. ನಾದವು ಕುಗ್ಗುತ್ತಿತ್ತು, ಮತ್ತೆ ತುಂಬಿಕೊಳ್ಳುತ್ತಿತ್ತು. ಯಂತ್ರದ ಶ್ರುತಿ ಅಂಥ ಏರಿಳಿತವನ್ನು ಬಲ್ಲುದಲ್ಲ. ನಾದದ ಹಿನ್ನೆಲೆ ಅಖಂಡವಾದಷ್ಟೂ ಪದ್ಯದ ಒಳಭಾಗಗಳನ್ನು ತೋರಿಸುವ ಹೊಣೆ ಮದ್ದಳೆಯ ಮೇಲೆ, ಭಾಗವತನ ತಾಳದ ಮೇಲೆ ಹೆಚ್ಚಾಗಿ ಬಿದ್ದಿತು. ಇದೇ ಕಾಲದಲ್ಲಿ ಕಾಳಿಂಗ ನಾವಡರು (1958–1990) ಹೊಸ ರಾಗಗಳನ್ನು ತಂದು ಭಾಗವತಿಕೆಯ ರೂಪವನ್ನೇ ಹಿಗ್ಗಿಸಿದರು. ರಾಗವಿಸ್ತಾರದಲ್ಲಿ ಪದ್ಯದ ಕಟ್ಟು ಮರೆಯಾಗುತ್ತದೆಂಬ ಆಕ್ಷೇಪವೂ ಕೇಳಿಬಂದಿತು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ: ರಾಗ ಬದಲಾದರೂ ತ್ರಿಪುಡೆಯ 7 ಅಕ್ಷರಗಳ ಎಣಿಕೆ ಬದಲಾಗದು, ಬಲ್ಲ ಕೇಳುಗನು ಅದನ್ನೇ ಹಿಡಿದು ಸಾಗುತ್ತಾನೆ.

ಹೊರಜಗತ್ತಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲೇ ಕಂಪ್ಯೂಟರಿನಿಂದ ಸಂಗೀತ ನುಡಿಸಿದ್ದರು. ವಿರಾಮ, ಸ್ಥಾಯಿಯ ನೆಗೆತ, ಕಾಲಪ್ರಮಾಣದ ವ್ಯತ್ಯಾಸ ಕಂಡಲ್ಲಿ ಕೇಳುಗನು ಸಂಗೀತಕ್ಕೆ ಗಡಿ ಹಾಕಿಕೊಳ್ಳುತ್ತಾನೆಂದು ಲೆರ್ಡಾಲ್ ಮತ್ತು ಜಾಕೆಂಡಾಫ್ 1983ರಲ್ಲಿ ವಿವರಿಸಿದರು. ಆದರೆ ಅವರ ಆಧಾರ ಪಾಶ್ಚಾತ್ಯ ಸಂಗೀತ. ಮುಕ್ತಾಯವು ಕೇವಲ ವಿರಾಮವಲ್ಲ. ಮೊದಲೇ ಅರಿತಿರಬೇಕಾದ ಸಂಕೇತ. ತಾಳಯಂತ್ರವು ನಿಗದಿತ ವೇಗದಲ್ಲಿ ಓಡುತ್ತದೆ, ಏರುಪದ್ಯದಲ್ಲಿ ಭಾಗವತ ಗತಿಯನ್ನು ಎತ್ತುವಾಗ ಅದು ಹಿಂಬಾಲಿಸಲಾರದು. ಶ್ರುತಿಗೆ ಯಂತ್ರವನ್ನು ಒಪ್ಪಿಕೊಂಡ ಹಿಮ್ಮೇಳವು ಲಯವನ್ನು ಯಂತ್ರಕ್ಕೆ ಒಪ್ಪಿಸದಿರುವುದಕ್ಕೆ ಇದೇ ಕಾರಣ.

ಇಲ್ಲಿ ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರನ್ನು ಸ್ಮರಿಸಬೇಕು. 2020ರಲ್ಲಿ ತೀರಿಕೊಂಡ ಅವರು ಅಂಧರಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಭಾಗವತನ ಕೈಸನ್ನೆಯನ್ನು ಕಾಣದ ಆ ಕಲಾವಿದರಿಗೆ ಹೆಜ್ಜೆ ಎತ್ತಲೂ ನಿಲ್ಲಿಸಲೂ ಇದ್ದ ಆಸರೆ ಪದ್ಯ ಮತ್ತು ಮದ್ದಳೆಯ ಪೆಟ್ಟು.