ಮೂಸೆಯೊಳಗಣ ಗಣಿತ

ಕಾಗಿಣಾ ನದಿಯ ದಡದ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಎಂದರೆ ಕ್ರಿ.ಶ. 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ಅಮೋಘವರ್ಷ ನೃಪತುಂಗನ ಆಳಿಕೆಯನ್ನು ಗ್ರಂಥಾರಂಭದಲ್ಲಿಯೇ ಕೊಂಡಾಡಿ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಪದ್ಯಗ್ರಂಥವನ್ನು ರಚಿಸಿದನು. ಕವಿರಾಜಮಾರ್ಗವು ಅದೇ ಅರಸನ ಆಸ್ಥಾನದ ಕೃತಿಯೆಂಬುದನ್ನು ಬಲ್ಲ ಕನ್ನಡಿಗರು ಬಹುಮಂದಿ. ಅದೇ ಛತ್ರದ ನೆರಳಿನಲ್ಲಿ ಕಾವ್ಯದ ಬೆನ್ನಿಗೇ ಗಣಿತವೂ ಬೆಳೆಯಿತೆಂಬುದನ್ನು ನೆನೆಯುವವರು ವಿರಳ. ಕಾವ್ಯ, ಅಲಂಕಾರ, ಸಂಗೀತ, ವೈದ್ಯ, ವಾಸ್ತು, ಕಡೆಗೆ ಪಾಕಶಾಸ್ತ್ರದಲ್ಲಿಯೂ ಗಣಿತವಿಲ್ಲದೆ ನಡೆಯದೆಂದು ಹೊಗಳಿ ಗ್ರಂಥಕ್ಕೆ ತೊಡಗುವ ಈ ಆಚಾರ್ಯನು, ಮಿಶ್ರಕವ್ಯವಹಾರವೆಂಬ ದೀರ್ಘವಾದ ಅಧ್ಯಾಯದಲ್ಲಿ ಬಡ್ಡಿ ಅಸಲುಗಳು ಬೆರೆತ ಲೆಕ್ಕಗಳನ್ನು ಬಿಡಿಸಿ ತೋರಿಸಿ, ಅನಂತರ ಬೆರಕೆಯ ಚಿನ್ನದ ಲೆಕ್ಕಕ್ಕೆ ಬರುತ್ತಾನೆ. ಇಂದು ನಮ್ಮ ಮಕ್ಕಳು ಶೇಕಡ 10ರ ಆಮ್ಲಕ್ಕೆ ಶೇಕಡ 40ರ ಆಮ್ಲವನ್ನು ಸುರಿದು ಬೀಜಗಣಿತದ ಸಮೀಕರಣವನ್ನು ಹೂಡುವ ಆ ಬಗೆಯ ಪ್ರಶ್ನೆಗಳಿಗೆ, ಈ ನೆಲದ ಮಟ್ಟಿಗಂತೂ, ಅಕ್ಕಸಾಲೆಯ ಮೂಸೆಯೇ ಹಳೆಯ ಮನೆ.

ಅಂದಿನ ಗಣಿತಕಾರರು ಚಿನ್ನದ ಶುದ್ಧಿಯನ್ನು ‘ವರ್ಣ’ಗಳಲ್ಲಿ ಅಳೆಯುತ್ತಿದ್ದರು, ಹದಿನಾರು ವರ್ಣದ್ದು ಅಪರಂಜಿ, ಎಂಟು ವರ್ಣದ್ದು ಅರ್ಧಕ್ಕರ್ಧ ಬೆರಕೆ. ಪರೀಕ್ಷೆಗೆ ಒರೆಗಲ್ಲು ಇದ್ದಿತು. ಕಲ್ಲಿನ ಮೇಲೆ ಎಳೆದ ಗೆರೆಯನ್ನು ವರ್ಣ ಗೊತ್ತಿದ್ದ ಚಿನ್ನದ ಗೆರೆಯೊಡನೆ ಹೋಲಿಸಿ ನುರಿತ ಕಣ್ಣು ತೀರ್ಪು ಹೇಳುತ್ತಿದ್ದಿತು. ಆದರೆ ಬೇರೆಬೇರೆ ಮನೆಗಳ ಚಿನ್ನವು ಒಂದೇ ಮೂಸೆಯಲ್ಲಿ ಕರಗಿದ ಮೇಲೆ ಯಾರದು ಎಷ್ಟು ಎಂಬುದನ್ನು ಒರೆಗಲ್ಲು ಹೇಳಲಾರದು. ಅಲ್ಲಿ ಲೆಕ್ಕವೇ ಸಾಕ್ಷಿಯಾಗಬೇಕು. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ನಮ್ಮ ಗಾದೆಯು ಆ ಕಸುಬಿನವರ ಪಾಲಿಗೆ ನಿಷ್ಠುರವಾದುದು, ಬಹುಶಃ ಅನ್ಯಾಯವಾದುದೂ ಅಹುದು. ಆದರೆ ಕರಗಿಸಿದ ಚಿನ್ನವನ್ನು ಮರಳಿ ಪಡೆಯುವವನ ಮನಸ್ಸಿನ ಅಳುಕು ಎಂಥದೆಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ.

ಮಹಾವೀರನ ಒಂದು ಪ್ರಶ್ನೆಯನ್ನು ನೋಡೋಣ. ಒಂದು, ಎರಡು, ಮೂರು ವರ್ಣದ ಚಿನ್ನ ಒಂದೊಂದು ಭಾಗ, ನಾಲ್ಕು ವರ್ಣದ್ದು ಎರಡು ಭಾಗ, ಐದರದು ನಾಲ್ಕು, ಹದಿನಾಲ್ಕರದು ಏಳು, ಹದಿನೈದರದು ಎಂಟು. ಇವೆಲ್ಲವನ್ನೂ ಬೆಂಕಿಗಿಕ್ಕಿ ಒಂದಾಗಿಸಿದರೆ ಬರುವ ವರ್ಣವೆಷ್ಟು? (ಒಂದು ವರ್ಣದ್ದನ್ನು ಚಿನ್ನವೆಂದು ಕರೆಯುವುದೇ ಗಣಿತಜ್ಞನ ಔದಾರ್ಯ; ಹದಿನಾರರಲ್ಲಿ ಹದಿನೈದು ಪಾಲು ಕೀಳು ಲೋಹವಾದ ಆ ಗಟ್ಟಿಯನ್ನು ಯಾವ ಪೇಟೆಯಲ್ಲಿ ಕೊಳ್ಳುತ್ತಿದ್ದರೋ!) ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ ಕೂಡಿದರೆ 252, ಒಟ್ಟು ತೂಕ 24 ಭಾಗ, ಭಾಗಿಸಿದರೆ ಹತ್ತೂವರೆ ವರ್ಣ. ಇಲ್ಲಿಗೆ ನಮ್ಮ ಪಠ್ಯಪುಸ್ತಕದ ಲೆಕ್ಕವು ಮುಗಿಯುತ್ತಿದ್ದಿತು. ಆಚಾರ್ಯನದು ಮುಗಿಯುವುದಿಲ್ಲ: ಈ ಬೆರಕೆಯನ್ನು ಮೊದಲಿನ ಒಡೆಯರಿಗೆ ಹಂಚಿದರೆ ಯಾರಿಗೆ ಎಷ್ಟು ಸಲ್ಲಬೇಕೆಂದು ಆತನು ಮತ್ತೆ ಕೇಳುತ್ತಾನೆ. ಹದಿನೈದು ವರ್ಣದ ಎಂಟು ಭಾಗವನ್ನಿತ್ತವನ ಗುಣಲಬ್ಧ 120. ಹತ್ತೂವರೆಯಿಂದ ಭಾಗಿಸಿದರೆ ಅವನಿಗೆ 11 ಮತ್ತು 3/7 ಭಾಗ, ಎಂದರೆ ಕೊಟ್ಟುದಕ್ಕಿಂತ ತೂಕದಲ್ಲಿ ಹೆಚ್ಚು. ಒಂದು ವರ್ಣದ ಒಂದು ಭಾಗವನ್ನು ತಂದವನಿಗೆ ದೊರೆಯುವುದು 2/21 ಭಾಗ ಮಾತ್ರ. ತೂಕವನ್ನಷ್ಟೇ ನೋಡುವವನಿಗೆ ಇದು ಪಕ್ಷಪಾತವೆಂದು ತೋರಬಹುದು. ವರ್ಣವನ್ನು ಬಲ್ಲವನಿಗೆ ಇದೇ ಧರ್ಮ. ಬೆರಕೆಯ ಗಣಿತವು ಹುಟ್ಟುವಾಗ ಪಾಲಿನ ನ್ಯಾಯವನ್ನು ಜೊತೆಗಿಟ್ಟುಕೊಂಡೇ ಹುಟ್ಟಿತೆಂಬುದಕ್ಕೆ ನನಗೆ ಇದಕ್ಕಿಂತ ಮಿಗಿಲಾದ ನಿದರ್ಶನವು ಬೇಡ.

ಮುನ್ನೂರು ವರ್ಷಗಳ ತರುವಾಯ, 1150ರಲ್ಲಿ, ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಇದೇ ಸುವರ್ಣಗಣಿತವನ್ನು ಇನ್ನಷ್ಟು ಅಚ್ಚುಕಟ್ಟಾಗಿಸಿದನು. ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು ವರ್ಣದ ಚಿನ್ನಗಳು ಕ್ರಮವಾಗಿ 10, 4, 2, 4 ಮಾಷ ಕೂಡಿದರೆ 20 ಮಾಷವಾಗಿ ಹನ್ನೆರಡು ವರ್ಣವಾಗುತ್ತದೆ. ಅದನ್ನು ಪುಟವಿಟ್ಟು ಶೋಧಿಸಿದಾಗ 16 ಮಾಷ ಉಳಿದರೆ ವರ್ಣವೆಷ್ಟು? ಹದಿನೈದು. ಹದಿನಾರು ವರ್ಣಕ್ಕೆ ಏರಿಸಿದರೆ ಉಳಿಯುವ ತೂಕವೆಷ್ಟು? 15 ಮಾಷ. ಬೆಂಕಿಯು ಕಲ್ಮಷವನ್ನು ಮಾತ್ರ ತಿನ್ನುವುದರಿಂದ ತೂಕ ವರ್ಣಗಳ ಗುಣಲಬ್ಧವಾದ 240 ಎಲ್ಲಿಯೂ ಕದಲುವುದಿಲ್ಲ. ಆ ಕದಲದ ಸಂಖ್ಯೆಯೇ ಇಡೀ ಪ್ರಕರಣದ ಕೀಲು. ಅದನ್ನು ಹಿಡಿದವನಿಗೆ ಅಜ್ಞಾತವು ಎಲ್ಲಿ ಅಡಗಿದ್ದರೂ ಭಯವಿಲ್ಲ: ಹತ್ತು ವರ್ಣದ 8 ಮಾಷ, ಹನ್ನೊಂದರ 2 ಮಾಷ, ವರ್ಣ ತಿಳಿಯದ 6 ಮಾಷ ಸೇರಿ ಹನ್ನೆರಡು ವರ್ಣವಾದರೆ, 192ರಲ್ಲಿ 102ನ್ನು ಕಳೆದು ಆರರಿಂದ ಭಾಗಿಸಿದಲ್ಲಿ ಹದಿನೈದು ದೊರೆಯುತ್ತದೆ. ಬೀಜಗಣಿತದ ‘ಯಾವತ್ತಾವತ್’ ಎಂಬ ಅವ್ಯಕ್ತವನ್ನು ಕರೆಯುವ ಅಗತ್ಯವೇ ಇಲ್ಲಿ ಬೀಳುವುದಿಲ್ಲ.

ಇನ್ನೊಂದು ಸೂತ್ರವು ವಿಪರೀತ ಪ್ರಶ್ನೆಗೆ ಉತ್ತರವನ್ನೀಯುತ್ತದೆ. ಹದಿನಾರು ಮತ್ತು ಹತ್ತು ವರ್ಣದ ಎರಡು ಗುಳಿಗೆಗಳು ಕೂಡಿ ಹನ್ನೆರಡಾದರೆ ಅವುಗಳ ತೂಕವೆಷ್ಟು? ಹನ್ನೆರಡರಿಂದ ಹತ್ತರ ಅಂತರ 2, ಅದು ಹದಿನಾರರ ಪಾಲಿಗೆ. ಹದಿನಾರರಿಂದ ಹನ್ನೆರಡರ ಅಂತರ 4, ಅದು ಹತ್ತರ ಪಾಲಿಗೆ. ಅಂತರಗಳನ್ನು ಅದಲುಬದಲು ಮಾಡುವ ಈ ಯುಕ್ತಿಯಲ್ಲಿ ಹಿರಿದಕ್ಕೆ ಕಿರಿದರ ಅಂತರವೂ ಕಿರಿದಕ್ಕೆ ಹಿರಿದರ ಅಂತರವೂ ಸಲ್ಲುತ್ತವೆ. ಇಷ್ಟವಾದ ಸಂಖ್ಯೆಯಿಂದ ಇವನ್ನು ಗುಣಿಸಿದರೆ ಉತ್ತರಗಳೂ ಬಹುವಾಗುತ್ತವೆ. ಪಶ್ಚಿಮದಲ್ಲಿ ಪೀಸಾದ ಲಿಯೊನಾರ್ಡೊ 1202ರ ತನ್ನ ಗ್ರಂಥದಲ್ಲಿ ಬೆಳ್ಳಿಯ ನಾಣ್ಯಗಳ ಬೆರಕೆಗೆ ಇಂಥದೇ ಲೆಕ್ಕವನ್ನು ಹೂಡಿದನು.

ಗಣಿತಸಾರಸಂಗ್ರಹವು ಬಹುಕಾಲ ದಕ್ಷಿಣದ ಪಾಠಗ್ರಂಥವಾಗಿ ಬಾಳಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದು ಲೆಕ್ಕವನ್ನು ದೇಶಭಾಷೆಯವರ ಕೈಗಿತ್ತನು. ಅನಂತರ ಓಲೆಯ ಪ್ರತಿಗಳಲ್ಲಿ ಮರೆಯಾಗಿದ್ದ ಮಹಾವೀರನ ಗ್ರಂಥವನ್ನು ಎಂ. ರಂಗಾಚಾರ್ಯರು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು.

ಅಷ್ಟುಹೊತ್ತಿಗೆ ಶಾಲೆಯ ಗಣಿತದಲ್ಲಿ ಚಿನ್ನದ ಸ್ಥಾನವನ್ನು ನೀರು ಬೆರೆಸಿದ ಹಾಲೂ ಚಹದ ಪುಡಿಯೂ ಆಕ್ರಮಿಸಿದ್ದುವು. ವಿಧಾನವು ಉಳಿಯಿತು, ಒಡೆಯರು ಮಾತ್ರ ಪ್ರಶ್ನೆಯಿಂದ ನಿರ್ಗಮಿಸಿದರು. ಅಂತರಗಳ ಅದಲುಬದಲಿನ ಸೂತ್ರವಂತೂ ಈಗಲೂ ಔಷಧಶಾಸ್ತ್ರದ ವಿದ್ಯಾರ್ಥಿಗಳ ಪುಸ್ತಕದಲ್ಲಿ ಅಡ್ಡಗೆರೆಗಳ ಚಿತ್ರವಾಗಿ ನಿಂತಿದೆ: ಶೇಕಡ 95ರ ಮದ್ಯಸಾರವನ್ನೂ 45ರದನ್ನೂ ಬೆರೆಸಿ 65ರದನ್ನು ಮಾಡಬೇಕಾದರೆ ಮೊದಲನೆಯದು 20 ಪಾಲು, ಎರಡನೆಯದು 30 ಪಾಲು.