ಸಿ.ಡಿ.ಯ ಹಾಡು ಕಡತವಾದ ಬಗೆ

ಸಿ.ಡಿ.ಯಲ್ಲಿನ ಹಾಡುಗಳನ್ನು ಗಣಕಕ್ಕೆ ನಕಲು ಮಾಡಿಕೊಂಡರೂ ಸಿ.ಡಿ. ಹೊರತೆಗೆದೊಡನೆ ಅವು ಹಾಡದಿರುವುದೇಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳಿದ್ದುಂಟು. ಇದರ ಕಾರಣ ತಿಳಿಯಬೇಕಾದರೆ ನಲವತ್ತು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ 1980ರಲ್ಲಿ ಸಿ.ಡಿ.ಯ ನಿಯಮಾವಳಿಯನ್ನು ರೂಪಿಸಿದವು. 1982ರ ಅಕ್ಟೋಬರ್ 1ರಂದು ಸೋನಿಯ ಮೊದಲ ಸಿ.ಡಿ. ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆಯುವುದು ಇದರ ಕ್ರಮ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತು? ಅಷ್ಟೊಂದು ಅಂಕಿಗಳನ್ನು ಹಿಡಿದಿಡಲು ಆಗ ವಿಡಿಯೋ ಟೇಪನ್ನೇ ಬಳಸುತ್ತಿದ್ದರು. ಅದರಲ್ಲಿ ಸೆಕೆಂಡಿಗೆ 60 ಅರ್ಧಚಿತ್ರಗಳು, ಒಂದೊಂದರಲ್ಲೂ ಬಳಕೆಗೆ ಒದಗುವ 245 ಗೆರೆಗಳು, ಗೆರೆಗೆ ಮೂರು ಅಳತೆಗಳು. ಗುಣಿಸಿ ನೋಡಿ. ಯುರೋಪಿನ ಟೇಪಿನಲ್ಲಿ 50, 294 ಮತ್ತು 3, ಉತ್ತರ ಅದೇ! ಇಂಥ ಲೆಕ್ಕ ಕಂಡರೆ ಕರಿಹಲಗೆಯ ಮೇಲೆ ಬರೆಯಬೇಕೆಂಬ ಚಪಲ ನನಗೆ ಇನ್ನೂ ಹೋಗಿಲ್ಲ.

ಹಾಡಿನ ಸಿ.ಡಿ.ಯನ್ನು ರೂಪಿಸಿದವರ ಕಣ್ಣಮುಂದೆ ಇದ್ದುದು ಗ್ರಾಮಫೋನ್ ತಟ್ಟೆಯೇ ಹೊರತು ಗಣಕವಲ್ಲ. ಆದ್ದರಿಂದ ಅದರಲ್ಲಿ ಕಡತಗಳೆಂಬುವಿಲ್ಲ. ನಡುವಿನಿಂದ ಅಂಚಿನತ್ತ ಸಾಗುವ ಒಂದೇ ಸುರುಳಿಗೆರೆ, ಆರಂಭದಲ್ಲಿ ಯಾವ ಹಾಡು ಎಷ್ಟನೆಯ ನಿಮಿಷಕ್ಕೆ ಮೊದಲಾಗುತ್ತದೆಂಬ ಪರಿವಿಡಿ, ಇಷ್ಟೆ. ವಿಂಡೋಸ್ ತೋರಿಸುವ 'ಸಿಡಿಎ' ಎಂಬ 44 ಬೈಟ್‌ಗಳ ಕಡತಗಳು ಈ ಪರಿವಿಡಿಯ ತುಣುಕುಗಳು. ಅವನ್ನು ನಕಲು ಮಾಡುವುದೆಂದರೆ ಪುಸ್ತಕವನ್ನು ಬಿಟ್ಟು ಪುಟಸಂಖ್ಯೆಯನ್ನು ಬರೆದುಕೊಂಡಂತೆ.

ಹಾಗಾದರೆ ದನಿಯನ್ನೇ ಓದಿಕೊಂಡರಾಯಿತಲ್ಲ? ಅದೂ ಮೊದಮೊದಲು ಸುಲಭವಿರಲಿಲ್ಲ. ಸಿ.ಡಿ.ಯ ಒಂದು ಸೆಕೆಂಡು 75 ಖಂಡಗಳಾಗಿರುತ್ತದೆ; ಖಂಡವೊಂದಕ್ಕೆ 2,352 ಬೈಟ್. ಮಾಹಿತಿ ತುಂಬುವ ಸಿ.ಡಿ.-ರಾಮ್‌ನಲ್ಲಿ ಇದರಲ್ಲಿ 2,048 ಬೈಟ್ ಮಾತ್ರ ಮಾಹಿತಿ. ಉಳಿದುದು ವಿಳಾಸಕ್ಕೂ ತಪ್ಪು ತಿದ್ದುವುದಕ್ಕೂ ಮೀಸಲು. ಹಾಡಿನ ಸಿ.ಡಿ.ಯಲ್ಲಿ ಅಷ್ಟನ್ನೂ ದನಿಯೇ ತುಂಬಿಕೊಂಡಿರುತ್ತದೆ. ಗೀರು ಬಿದ್ದು ಅಂಕಿಗಳು ಅಳಿಸಿದಲ್ಲಿ ಮೊದಲು ರೀಡ್-ಸಾಲೊಮನ್ ಗಣಿತದ ನೆರವಿನಿಂದ ತಿದ್ದುತ್ತಾರೆ. ಅದಕ್ಕೂ ಮೀರಿದರೆ ಅಕ್ಕಪಕ್ಕದ ಅಂಕಿಗಳನ್ನು ನೋಡಿ ಪ್ಲೇಯರ್ ಊಹಿಸಿಕೊಳ್ಳುತ್ತದೆ. ಕಿವಿ ಇದನ್ನು ಗುರುತಿಸದು. ಆದರೆ ಹಳೆಯ ಡ್ರೈವ್‌ಗಳು ಓದು ನಿಲ್ಲಿಸಿ ಮತ್ತೆ ತೊಡಗುವಾಗ ಬಿಟ್ಟ ಜಾಗಕ್ಕೇ ಸರಿಯಾಗಿ ಮರಳುತ್ತಿರಲಿಲ್ಲ. ತೆಗೆದ ಹಾಡಿನಲ್ಲಿ ನಡುನಡುವೆ 'ಟಕ್' ಎಂಬ ಸದ್ದು ಉಳಿಯುತ್ತಿತ್ತು. ಜರ್ಮನಿಯ ಆಂಡ್ರೆ ವೀಟ್‌ಹೋಫ್ 1998ರಲ್ಲಿ ಹೊರತಂದ 'ಎಕ್ಸಾಕ್ಟ್ ಆಡಿಯೊ ಕಾಪಿ' ಎಂಬ ತಂತ್ರಾಂಶ ಒಂದೇ ಭಾಗವನ್ನು ಮತ್ತೆ ಮತ್ತೆ ಓದಿ, ಒಂದಕ್ಕೊಂದು ಹೋಲಿಸಿ, ತಾಳೆಯಾದ ಮೇಲೆಯೇ ಬರೆಯುತ್ತದೆ. ಮಗ್ಗಿ ಒಪ್ಪಿಸುವ ಮಕ್ಕಳಿಗೆ 'ಇನ್ನೊಮ್ಮೆ ಹೇಳು' ಎನ್ನುತ್ತಿದ್ದೆವಲ್ಲ, ಅದೇ ಕ್ರಮ.

2000ದಲ್ಲಿ ಬಿಡುಗಡೆಯಾದ 'ಆಡಾಸಿಟಿ' ದನಿಯನ್ನು ಕತ್ತರಿಸಿ ಜೋಡಿಸುವ ಉಚಿತ ತಂತ್ರಾಂಶ. ವಿಂಡೋಸ್‌ನಲ್ಲಿ ಅದಕ್ಕೆ ಸಿ.ಡಿ.ಯ ಹಾಡನ್ನು ನೇರವಾಗಿ ತೆರೆಯಲು ಬಾರದು. ಮೊದಲು ಬೇರೊಂದು ತಂತ್ರಾಂಶದಿಂದ ಹಾಡನ್ನು 'ವೇವ್' ಕಡತವಾಗಿಸಿಕೊಂಡು ಅನಂತರ ಇದರಲ್ಲಿ ತೆರೆಯಬೇಕು. ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ಹಿಡಿಯುತ್ತದೆ. ಜಾಗ ಉಳಿಸಲು ಎಂಪಿ3 ಮಾಡಿದರೆ ದನಿಯ ಒಂದಂಶ ಶಾಶ್ವತವಾಗಿ ಹೋಗುತ್ತದೆ; ಮೂಲವನ್ನು ವೇವ್ ರೂಪದಲ್ಲೇ ಇಟ್ಟುಕೊಳ್ಳುವುದು ಲೇಸು.

ಅಂಗಡಿಯಲ್ಲಿ ಕೊಂಡ ಸಿ.ಡಿ.ಗಳ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ಅಂಥದು ಒಂದು ಹಾಳಾದರೆ ಬೇರೆಲ್ಲೋ ಇನ್ನೊಂದಿರುತ್ತದೆ. ಆತಂಕ ನಾವೇ ಬರೆದುಕೊಂಡವುಗಳದು. ಕಾರ್ಖಾನೆಯ ಸಿ.ಡಿ.ಯಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ನಾವು ಬರೆಯುವ ಸಿ.ಡಿ.-ಆರ್‌ನಲ್ಲಿ ಇರುವುದು ಬಣ್ಣದ ಒಂದು ಪದರ. ಬಿಸಿಲು, ಸೆಖೆಗಳಿಗೆ ಅದು ಕೆಡುತ್ತದೆ. ಹೊಳೆಯುವ ಲೋಹದ ಪದರವೂ ಹೆಸರು ಬರೆಯುವ ಬದಿಯಲ್ಲೇ ತೀರ ಮೇಲಿರುವುದರಿಂದ ಬಾಲ್‌ಪೆನ್ನಿನ ಮೊನೆ ತಾಗಿದರೂ ಸಾಕು. ಅಜ್ಜಿಯ ಸೋಬಾನೆ, ಮಾವನ ತಾಳಮದ್ದಳೆಯ ಅರ್ಥಗಾರಿಕೆ ನಿಮ್ಮಲ್ಲಿ ಹೀಗೆ ಉಳಿದಿದ್ದರೆ ಬಹುಶಃ ಜಗತ್ತಿನಲ್ಲಿ ಇರುವ ಪ್ರತಿ ಅದೊಂದೇ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಸಿ.ಡಿ. ಡ್ರೈವ್ ಇಲ್ಲ, ಯು.ಎಸ್.ಬಿ.ಗೆ ಜೋಡಿಸುವ ಡ್ರೈವ್ ಸಾಕು.

ಕೊಂಡ ಸಿ.ಡಿ.ಯಾದರೆ ಹಾಡುಗಳ ಹೆಸರನ್ನು ತಂತ್ರಾಂಶ ಅಂತರಜಾಲದಿಂದ ತಂದುಕೊಳ್ಳಬಹುದು. ಮನೆಯ ಸಿ.ಡಿ.ಗೆ ಅದು 'ಟ್ರ್ಯಾಕ್ 01' ಎಂದಷ್ಟೇ ಬರೆಯುತ್ತದೆ. ಹಾಡಿದವರು ಯಾರು, ಯಾರ ಮದುವೆಯಲ್ಲಿ ಎಂಬುದನ್ನು ಮನೆಯ ಹಿರಿಯರಿಗೆ ಕೇಳಿಸಿಯೇ ಬರೆದುಕೊಳ್ಳಬೇಕು.