ತೋಪಿನ ನಾದವೂ ಕೋವಿಯ ಗುರಿಯೂ

ವಿಜಯಪುರದ ಕೋಟೆಯ ಪಡುವಣ ಗೋಡೆಯಲ್ಲಿ ಶೇರ್ಜಾ ಬುರುಜೆಂಬ ಕೊತ್ತಳವೊಂದುಂಟು. ಅದರ ಮೇಲೆ ಮಲಿಕ್-ಎ-ಮೈದಾನ್ ಎಂಬ ಮಹಾ ತೋಪು ಬಾಯಿ ತೆರೆದು ಮಲಗಿದೆ. ನೋಡಲು ಹೋದವರು ಮೊದಲು ಅದರ ಗಾತ್ರಕ್ಕೆ ಬೆರಗಾಗುತ್ತಾರೆ. ಬಾಯಿಯ ಬಳಿ ಕೆತ್ತಿರುವ, ಆನೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಸಿಂಹಮುಖವನ್ನು ಕಂಡು ಮೆಚ್ಚುತ್ತಾರೆ. ಕಡೆಗೆ ಕೈಯಿಂದ ಅದನ್ನು ಮೆಲ್ಲನೆ ತಟ್ಟುತ್ತಾರೆ. ತಟ್ಟಿದರೆ ಗಂಟೆಯ ದನಿ ಕೇಳುತ್ತದೆ. ಸುಮಾರು 55 ಟನ್ ತೂಗುವ ಲೋಹದ ರಾಶಿಯು ಒಂದು ಕೈತಟ್ಟಿಗೆ ಮಿಡಿಯುವುದನ್ನು ಕಂಡು ಮಕ್ಕಳಂತೆ ಹಿರಿಯರೂ ಸಂತೋಷಪಡುವುದುಂಟು. ನಾವು ಈ ದಿನ ಹೇಳಬೇಕೆಂದಿರುವುದು ಆ ಮಿಡಿತದ ವಿಷಯವನ್ನೇ. ಗುಂಡು ಹಾರಿಸುವ ನಳಿಗೆಯು ಎಷ್ಟೇ ಗಟ್ಟಿಯಾಗಿರಲಿ, ಅದು ಮಿಡಿದೇ ಮಿಡಿಯುತ್ತದೆ. ಆ ಮಿಡಿತವನ್ನು ಅರಿತು ಗುರಿಯನ್ನು ತಿದ್ದಿಕೊಳ್ಳಲು ಮನುಷ್ಯನಿಗೆ ನೂರಾರು ವರ್ಷಗಳು ಹಿಡಿದವು.

ಮೊದಲು ತೋಪಿನ ಕಥೆಯನ್ನು ನೋಡೋಣ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಿಯು ಇದನ್ನು ಕಂಚಿನಲ್ಲಿ ಎರಕ ಹೊಯ್ದನು. ಇದರ ಉದ್ದ ಸುಮಾರು 14 ಅಡಿ, ಹೊರಗಿನ ಅಡ್ಡಳತೆ ಸುಮಾರು 5 ಅಡಿ, ಬಾಯಿಯ ಅಗಲ ಸುಮಾರು 2 ಅಡಿ 4 ಅಂಗುಲ. 1632ರಲ್ಲಿ ಪರಾಂಡದ ಕೋಟೆಯಿಂದ ಇದನ್ನು ಬಿಜಾಪುರಕ್ಕೆ ಎಳೆದು ತಂದರು. 10 ಆನೆಗಳೂ 400 ಎತ್ತುಗಳೂ ನೂರಾರು ಆಳುಗಳೂ ಈ ಕೆಲಸಕ್ಕೆ ಬೇಕಾದುವೆಂದು ಹೇಳಿಕೆಯುಂಟು. 1686ರಲ್ಲಿ ಔರಂಗಜೇಬನು ಊರನ್ನು ಗೆದ್ದಾಗ ತನ್ನ ವಿಜಯವನ್ನೂ ಇದರ ಮೈಮೇಲೆ ಕೆತ್ತಿಸಿದನು.

ಅಲ್ಲಿಂದ ಅನತಿ ದೂರದಲ್ಲಿ ಉಪ್ಲಿ ಬುರುಜು ನಿಂತಿದೆ. ಹೈದರ್ ಖಾನನು 1584ರ ಸುಮಾರಿನಲ್ಲಿ ಕಟ್ಟಿಸಿದ ಈ ಗೋಪುರದ ಎತ್ತರ ಸುಮಾರು 80 ಅಡಿ. ಹೊರಮೈಯನ್ನು ಸುತ್ತಿಕೊಂಡ ಮೆಟ್ಟಿಲುಗಳನ್ನು ಏರಿ ಹೋದರೆ ಅಲ್ಲಿ ಲಂಬಾ ಚರಿ ಎಂಬ ತೋಪು ಕಾಣುತ್ತದೆ. ಅದು 30 ಅಡಿಗೂ ಮೀರಿ ಉದ್ದವುಳ್ಳದ್ದು. ಆದರೆ ಬಾಯಿಯ ಅಗಲ 12 ಅಂಗುಲ ಮಾತ್ರ. ಇದು ಎರಕದ ಕೆಲಸವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಕಾದ ಬಳೆಗಳನ್ನು ಒಂದರ ಪಕ್ಕಕ್ಕೊಂದು ತೊಡಿಸಿ, ಬಡಿದು ಬೆಸೆದ ಕಮ್ಮಾರರ ಕೆಲಸ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ತೊಡಿಸುವುದನ್ನು ನೋಡಿದವರಿಗೆ ಈ ಕ್ರಮವು ಕೂಡಲೆ ತಿಳಿದೀತು. ಎರಕ ಹೊಯ್ದ ರೂಮಿಯ ಹೆಸರು ಶಾಸನದಲ್ಲಿ ಉಳಿದಿದೆ. ಬಳೆ ತೊಡಿಸಿದ ಕಮ್ಮಾರರಿಗಾದರೋ ಅವರ ಕೆಲಸವೇ ಹೆಸರು.

ಈ ಎರಡು ತೋಪುಗಳು ಎರಡು ಬಗೆಯ ವಿಚಾರವನ್ನು ತೋರಿಸುತ್ತವೆ. ಒಂದು ಗಿಡ್ಡಾಗಿ ದಪ್ಪವಾಗಿದೆ, ಇನ್ನೊಂದು ಉದ್ದವಾಗಿ ತೆಳ್ಳಗಿದೆ. ಒಂದು ಕಡೆ ಬಿಗಿಯಾಗಿ ಹಿಡಿದ ಸಲಾಕೆಯ ತುದಿಗೆ ಭಾರವನ್ನು ತೂಗಹಾಕಿದರೆ ಅದು ಬಾಗುವುದಷ್ಟೆ. ಸಲಾಕೆಯ ಉದ್ದವನ್ನು ಎರಡರಷ್ಟು ಮಾಡಿದರೆ ಬಾಗು ಎಂಟರಷ್ಟಾಗುತ್ತದೆ; ದಪ್ಪವನ್ನು ಎರಡರಷ್ಟು ಮಾಡಿದರೆ ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಗಣಿತವನ್ನು ಆ ಕುಶಲಿಗಳು ಬಲ್ಲವರಾಗಿದ್ದರೆಂದು ನಾವು ಹೇಳುವುದಿಲ್ಲ. ಕೋಟೆಯ ಮುಂದಣ ಸೈನ್ಯಕ್ಕೆ ಗುರಿಯಿಡುವ ತೋಪಿಗೆ ಅದರ ಅಗತ್ಯವೂ ಅಷ್ಟಾಗಿರಲಿಲ್ಲ. 1565ರ ರಕ್ಕಸತಂಗಡಿಯ ಯುದ್ಧದಲ್ಲಿ ಸುಲ್ತಾನರ ತೋಪುಗಳಿಗೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದರೆಂದು ಚರಿತ್ರಕಾರನಾದ ಫೆರಿಷ್ತನು ಬರೆದಿದ್ದಾನೆ. ಅಂಥ ಏಟಿಗೆ ಗುರಿಯ ಸೂಕ್ಷ್ಮವೇಕೆ?

ಸೂಕ್ಷ್ಮವು ಬೇಕಾದದ್ದು ಒಂದೇ ಗುಂಡಿನಿಂದ ಒಂದೇ ಗುರಿಯನ್ನು ಹೊಡೆಯಬೇಕಾದಾಗ. ರೈಫಲ್ಲಿನ ನಳಿಗೆಯೊಳಗೆ ತಿರುಚಿದ ಗೆರೆಗಳನ್ನು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿದ ಮೇಲೆ ಗಾಳಿಯಲ್ಲಿ ಅದರ ನಡೆ ನೆಟ್ಟಗಾಯಿತು. ಆದರೂ ಬಂದೂಕನ್ನು ಕಲ್ಲಿನಂತೆ ಅಲುಗದೆ ಇಟ್ಟು ಹಾರಿಸಿದಾಗಲೂ ಗುಂಡುಗಳು ಒಂದೇ ತೂತಿಗೆ ಬೀಳಲಿಲ್ಲ. ಇದೇಕೆಂದು ಜರ್ಮನಿಯಲ್ಲಿ ಕ್ರಾಂಜ್ ಮತ್ತು ಕೋಖ್ ಎಂಬವರು 1899ರಿಂದಲೂ, ಇಂಗ್ಲೆಂಡಿನಲ್ಲಿ ಮ್ಯಾಲಕ್ ಎಂಬವರು 1901ರಲ್ಲಿಯೂ ಶೋಧಿಸಿ ಬರೆದರು. ಮದ್ದು ಸಿಡಿದೊಡನೆ ನಳಿಗೆಯು ಬೆತ್ತದಂತೆ ಬಳುಕುತ್ತದೆ. ಗುಂಡು ಇನ್ನೂ ಒಳಗಿರುವಾಗಲೇ ನಳಿಗೆಯ ಬಾಯಿ ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ಗುಂಡು ನಳಿಗೆಯಲ್ಲಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಹೊತ್ತು ಮಾತ್ರ. ಆ ಅತ್ಯಲ್ಪ ಕಾಲದ ಕೊನೆಯಲ್ಲಿ ಬಾಯಿ ಯಾವ ಕಡೆಗೆ ನೋಡುತ್ತಿದೆಯೋ ಗುಂಡು ಆ ಕಡೆಗೆ ಹೋಗುತ್ತದೆ. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ಓರೆಯಾದರೂ ಸಾಕು, 100 ಗಜದ ದೂರದಲ್ಲಿ ಗುಂಡು ಸುಮಾರು 1 ಅಂಗುಲವೂ 300 ಗಜದಲ್ಲಿ 3 ಅಂಗುಲವೂ ತಪ್ಪುತ್ತದೆ.

ಈ ಬಳುಕು ಎಲ್ಲ ಬಾರಿಯೂ ಕೇಡನ್ನೇ ಮಾಡುವುದಿಲ್ಲ. ನಮ್ಮ ಪೊಲೀಸರ ಹೆಗಲಿನ ಮೇಲೆ ಬಹುಕಾಲ ಕಾಣುತ್ತಿದ್ದ ಪಾಯಿಂಟ್ 303 ಲೀ-ಎನ್‌ಫೀಲ್ಡ್ ರೈಫಲ್ಲು ಇದಕ್ಕೆ ನಿದರ್ಶನ. ಗುಂಡು ಹೊರಡುವ ಹೊತ್ತಿನಲ್ಲಿ ಅದರ ಬಾಯಿ ಮೇಲಕ್ಕೇಳುತ್ತಿರುವುದು. ಮದ್ದಿನ ಸಣ್ಣ ವ್ಯತ್ಯಾಸದಿಂದ ತುಸು ನಿಧಾನವಾದ ಗುಂಡು ತುಸು ತಡವಾಗಿ, ಎಂದರೆ ತುಸು ಮೇಲ್ಮುಖವಾಗಿ, ಹೊರಡುತ್ತದೆ. ದೂರ ಹೋಗುವಷ್ಟರಲ್ಲಿ ಹೆಚ್ಚಾಗಿ ಕುಸಿದು, ವೇಗದ ಗುಂಡು ಬಿದ್ದ ಎಡೆಗೇ ಬಂದು ಬೀಳುತ್ತದೆ. ಹೀಗೆ ಒಂದು ದೋಷವು ಇನ್ನೊಂದನ್ನು ಹೊಡೆದುಹಾಕಿದುದರಿಂದ ದೂರದ ಗುರಿಗೆ ಆ ರೈಫಲ್ಲು ಹೆಸರಾಯಿತು.

ಈ ಮಿಡಿತವನ್ನು ಬೇಟೆಗಾರನು ತನ್ನ ಕೈಯಿಂದಲೇ ಹೊಂದಿಸಿಕೊಳ್ಳುವಂಥ ಉಪಕರಣವನ್ನು ಅಮೆರಿಕದ ಬ್ರೌನಿಂಗ್ ಕಂಪನಿಯವರು 1994ರ ಸುಮಾರಿನಲ್ಲಿ ಮಾರಾಟಕ್ಕೆ ತಂದರು. ಅದನ್ನು ಕಲ್ಪಿಸಿದವನು ಕ್ಲೈಡ್ ರೋಸ್. ಅದರ ಹೆಸರು ಬಾಸ್. ನಳಿಗೆಯ ಬಾಯಿಗೆ ತಿರುಪಿನಿಂದ ಕೂಡಿಸಿದ ಒಂದು ಲೋಹದ ತೂಕವೇ ಅದು. ಮೈಮೇಲೆ ಅಂಕಗಳುಂಟು. ತಿರುಗಿಸಿದರೆ ತೂಕವು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ; ಅದರಂತೆ ಬಳುಕಿನ ಕಾಲವೂ ಬದಲಾಗುತ್ತದೆ. ಸಂಗೀತ ಕೇಳುವವರಿಗೆ ಇದು ಹೊಸದೆನಿಸದು. ತಂಬೂರಿಯ ತಂತಿಯಲ್ಲಿ ಮಣಿಯನ್ನು ಸರಿಸಿ ಶ್ರುತಿಯನ್ನು ತಿದ್ದುವುದನ್ನು ನಾವು ಕಂಡಿದ್ದೇವೆ. ಮೃದಂಗದ ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತಿ, ಆ ತೂಕದಿಂದ ನಾದವನ್ನು ತಗ್ಗಿಸುವುದನ್ನೂ ಕಂಡಿದ್ದೇವೆ. ಇದೂ ಅದೇ ಕೆಲಸ.

ಹೊಂದಿಸುವ ಉದ್ದೇಶವೇನು? ಉಯ್ಯಾಲೆಯು ಮಧ್ಯದಲ್ಲಿ ಅತಿವೇಗವಾಗಿಯೂ ಎರಡು ಕೊನೆಗಳಲ್ಲಿ ಕ್ಷಣಮಾತ್ರ ನಿಂತಂತೆಯೂ ಇರುತ್ತದೆ. ನಳಿಗೆಯ ಬಾಯಿ ಹಾಗೆ ನಿಂತ ಕ್ಷಣದಲ್ಲಿಯೇ ಗುಂಡು ಹೊರಡುವಂತಾದರೆ, ಒಂದು ಗುಂಡು ತುಸು ಬೇಗನೆಯೂ ಮತ್ತೊಂದು ತುಸು ತಡವಾಗಿಯೂ ಹೊರಟರೂ ದಿಕ್ಕು ಬಹುಮಟ್ಟಿಗೆ ಒಂದೇ ಆಗಿರುವುದು. ಆದಕಾರಣ ಒಂದೇ ಬಗೆಯ ತೋಟಾಗಳನ್ನು ಆರಿಸಿಕೊಂಡು, ತಯಾರಕರು ಸೂಚಿಸಿದ ಅಂಕದಲ್ಲಿ ತೂಕವನ್ನು ನಿಲ್ಲಿಸಿ, ಭದ್ರವಾದ ಆಸರೆಯ ಮೇಲಿಂದ ಕೆಲವು ಗುಂಡು ಹಾರಿಸಿ ನೋಡಬೇಕು. ಆಮೇಲೆ ತಿರುಗಿಸಿ ಮತ್ತೆ ಹಾರಿಸಬೇಕು; ಮೊದಲು ದೊಡ್ಡ ಹೆಜ್ಜೆ, ಬಳಿಕ ಅಂಕದ ಹತ್ತನೆಯ ಒಂದು ಪಾಲಿನ ಸಣ್ಣ ಹೆಜ್ಜೆ. ಬಾರಿ ಬಾರಿಗೂ ನಳಿಗೆಯನ್ನು ಆರಗೊಡಬೇಕು. ತೋಟಾವನ್ನು ಬದಲಾಯಿಸಿದರೆ ಕೆಲಸವು ಮತ್ತೆ ಮೊದಲಿನಿಂದ. ಮೂರು ಗುಂಡುಗಳು ಒಟ್ಟಿಗೆ ಬಿದ್ದ ಮಾತ್ರಕ್ಕೆ ಸಿದ್ಧಿಯಾಯಿತೆಂದು ನಂಬತಕ್ಕದ್ದಲ್ಲ. ಅದು ಆಕಸ್ಮಿಕವೂ ಆಗಿರಬಹುದು. ಹಲವು ಸಲ ಹಾರಿಸಿದಾಗಲೂ ಹಾಗೆಯೇ ಬಿದ್ದರೆ ಮಾತ್ರ ಅದು ನಿಜ.

ಇಷ್ಟೆಲ್ಲ ಸೂಕ್ಷ್ಮವು ಯಾರ ಮೇಲೆ ಪ್ರಯೋಗವಾಗಬೇಕು ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಉಪ್ಲಿ ಬುರುಜಿನ ನೆತ್ತಿಯಿಂದ ನೋಡಿದರೆ ಪಡುವಣಕ್ಕೆ ತಿಕೋಟಾದ ದಾರಿಯೂ ನೈಋತ್ಯಕ್ಕೆ ಬಬಲೇಶ್ವರದ ದಾರಿಯೂ ಎರೆಯ ಬಯಲಿನಲ್ಲಿ ಸಾಗಿಹೋಗುತ್ತವೆ. ಮರಗಳು ವಿರಳವಾದ ಇಂಥ ಬಯಲೇ ಚಿಗರಿಯ ಬೀಡು. ಇಷ್ಟು ತೋಪುಗಳ ಒಡೆಯರಾಗಿದ್ದ ಆದಿಲ್‌ಶಾಹಿ ಮನೆತನದವನೇ ಆದ ಎರಡನೆಯ ಅಲಿಯು ಹುಲಿಗೆ ಬಾಣವನ್ನು ಹೂಡಿರುವಂತೆ ಬಿಜಾಪುರದ ಚಿತ್ರವೊಂದು ತೋರಿಸುತ್ತದೆ. ಬಾಣದ ಬೇಟೆಗಾರನು ಮೃಗದ ಹತ್ತಿರಕ್ಕೆ ಹೋಗಬೇಕಾಗಿತ್ತು. ರೈಫಲ್ಲು ಬಂದ ಮೇಲೆ ದೂರವೇ ಅವನಿಗೆ ರಕ್ಷೆಯಾಯಿತು, ಮೃಗಕ್ಕೆ ಆ ರಕ್ಷೆ ಇಲ್ಲದಾಯಿತು. ಚಿಗರಿಯನ್ನು ಬೆನ್ನಟ್ಟಲು ಅರಸರು ಪಳಗಿಸುತ್ತಿದ್ದ ಚೀತಾ ನಮ್ಮ ದೇಶದಲ್ಲಿ ಅಳಿಯಿತೆಂದು 1952ರಲ್ಲಿ ಸಾರಬೇಕಾಯಿತು. 2022ರಲ್ಲಿ ಅದನ್ನು ಆಫ್ರಿಕದಿಂದ ತಂದು ಕೂನೋ ಕಾಡಿನಲ್ಲಿ ಬಿಟ್ಟಿದ್ದಾರೆ. ಗುರಿ ತಪ್ಪಿದ ಗುಂಡಿನಿಂದ ಗಾಯಗೊಂಡು ನರಳುವ ಮೃಗಕ್ಕಿಂತ ಒಂದೇ ಏಟಿಗೆ ಬಿದ್ದ ಮೃಗದ ಸಂಕಟ ಕಡಮೆಯೆಂಬ ವಾದವು ಸುಳ್ಳಲ್ಲ. ಆದರೆ ನಿಖರವಾದ ಕೋವಿಯು ಬೇಟೆಗಾರನಿಗೆ ಕೊಟ್ಟ ಬಲವನ್ನು ಅವನ ಸಂಯಮವು ಹಿಡಿದು ನಿಲ್ಲಿಸಲಿಲ್ಲ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯೇ ನಿಲ್ಲಿಸಬೇಕಾಯಿತು. ಚಿಗರಿಯು ಈಗ ಆ ಕಾಯಿದೆಯ ಮೊದಲನೆಯ ಪಟ್ಟಿಯ ಆಶ್ರಯದಲ್ಲಿದೆ. ನಳಿಗೆಯನ್ನು ಶ್ರುತಿಗೊಳಿಸುವ ವಿದ್ಯೆಗೆ ನಮ್ಮಲ್ಲಿ ತಕ್ಕ ಸ್ಥಳವು ಕಾಗದದ ಗುರಿಯನ್ನು ನೆಟ್ಟ ಅಭ್ಯಾಸದ ಬಯಲು.

ಕಡೆಯದಾಗಿ ಮತ್ತೊಮ್ಮೆ ಶೇರ್ಜಾ ಬುರುಜಿಗೆ ಬರೋಣ. 1854ರಲ್ಲಿ ಕೆಲಸಕ್ಕೆ ಬಾರದ ಸರ್ಕಾರಿ ಸಾಮಾನುಗಳೊಡನೆ ಮಲಿಕ್-ಎ-ಮೈದಾನನ್ನೂ ಹರಾಜು ಹಾಕಿದರು. ಬಂದ ಬೆಲೆ 150 ರೂಪಾಯಿ. ಊರಿನವರಿಗೆ ಆ ತೋಪಿನಲ್ಲಿದ್ದ ಗೌರವವನ್ನು ಕಂಡ ಅಧಿಕಾರಿಯೊಬ್ಬನು ಹರಾಜು ನಿಲ್ಲಬೇಕೆಂದು ಮೇಲಿನವರಿಗೆ ಬರೆದನು, ಮಾರಾಟವು ರದ್ದಾಯಿತು. ಇಲ್ಲದಿದ್ದರೆ ರೂಮಿಯ ಎರಕವು ಕರಗಿ ಕಂಚಿನ ಗಟ್ಟಿಯಾಗಿ ಹೋಗುತ್ತಿತ್ತು. ಈಗ ಅದರಿಂದ ಯಾರಿಗೂ ಭಯವಿಲ್ಲ. ತಟ್ಟಿದವರಿಗೆ ಅದು ತನ್ನ ನಾದವನ್ನು ಕೇಳಿಸುತ್ತದೆ. ನಮ್ಮ ಕೇಳುಗರು ಆ ಕಡೆಗೆ ಹೋದಾಗ ಅದನ್ನು ಮೆಲ್ಲನೆ ತಟ್ಟಿ, ದನಿಯು ಅಡಗುವ ತನಕ ನಿಂತು ಕೇಳಬೇಕೆಂದು ನಮ್ಮ ವಿಜ್ಞಾಪನೆ.